ಮಳೆ ನೆಚ್ಚುವ ಹಾಗಿಲ್ಲದಾಗ ಊರ ಕೆರೆಗೆ ಬೆಲೆ ಕಟ್ಟುವುದು ಹೇಗೆ?

ಕೆರೆಗೆ ಬೆಲೆ ಕಟ್ಟಿ ಅಂದರೆ ಹೆಚ್ಚಿನವರು ಮೊದಲು ಕೇಳುವುದು ಎಕರೆ ಎಷ್ಟಕ್ಕೆ ಹೋಗುತ್ತದೆ ಅಂತ. ಅದು ಸೈಟಿನ ಲೆಕ್ಕ, ಬಿಡಿ.

ಕೋಲಾರ, ತುಮಕೂರು ಕಡೆಯ ಒಂದು ಕೆರೆ ಅಂದುಕೊಳ್ಳಿ. ಒಂದು ವರ್ಷ ಕೋಡಿ ಬೀಳುತ್ತದೆ, ಇನ್ನೊಂದು ವರ್ಷ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಕೆರೆ ಏನೇನು ಕೊಡುತ್ತದೆ ಅಂತ ಮೊದಲು ಬರೆದುಕೊಳ್ಳಿ: ಅಚ್ಚುಕಟ್ಟಿನ (ಕೆರೆ ನೀರು ಹಾಯುವ ಜಮೀನಿನ) ಬೆಳೆ, ಮೀನು, ದನಕರುಗಳಿಗೆ ನೀರು, ಹೊಲಕ್ಕೆ ಹೂಳು, ಸುತ್ತಲಿನ ಬೋರ್‌ವೆಲ್‌ಗಳಿಗೆ ಇಂಗುವ ನೀರು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕೆ ಯಾರೂ ರಸೀದಿ ಕೊಡುವುದಿಲ್ಲವಲ್ಲ.

ಆಮೇಲೆ ಹಿಂದಿನ ವರ್ಷಗಳ ಮಳೆ ಲೆಕ್ಕ ತನ್ನಿ. ಹಿರಿಯರನ್ನೂ ಕೇಳಿ, ಯಾವ ವರ್ಷ ಕೋಡಿ ಬಿತ್ತು ಅನ್ನುವುದು ಅವರಿಗೆ ಮದುವೆ, ಜಾತ್ರೆಗಳ ಜೊತೆ ನೆನಪಿರುತ್ತದೆ. ಸುಮ್ನೆ ಉದಾಹರಣೆಗೆ, 10 ವರ್ಷದಲ್ಲಿ 2 ವರ್ಷ ಕೆರೆ ತುಂಬಿ 20 ಲಕ್ಷದ ಪ್ರಯೋಜನ, 4 ವರ್ಷ ಅರ್ಧ ತುಂಬಿ 8 ಲಕ್ಷ, 4 ವರ್ಷ ಬತ್ತಿ 1 ಲಕ್ಷ ಅಂತಿಟ್ಟುಕೊಳ್ಳಿ. ವರ್ಷಕ್ಕೆ ಸರಾಸರಿ 7.6 ಲಕ್ಷ ಬಂತು.

ಅಲ್ಲಿಗೇ ನಿಲ್ಲಿಸಬೇಡಿ. ಜಮೀನನ್ನು ವಾರಕ್ಕೆ, ಅಂದರೆ ಬಂದ ಬೆಳೆಯಲ್ಲಿ ಪಾಲಿಗೆ ಕೊಡುವುದಕ್ಕೂ, ಇಂತಿಷ್ಟೇ ಅಂತ ಗುತ್ತಿಗೆಗೆ ಕೊಡುವುದಕ್ಕೂ ಇರುವ ವ್ಯತ್ಯಾಸ ಗೊತ್ತಲ್ವಾ? ಸ್ವಲ್ಪ ಕಡಿಮೆಯಾದರೂ ಬರುವುದು ಗ್ಯಾರಂಟಿ ಅಂತ ಗುತ್ತಿಗೆಗೆ ಒಪ್ಪುತ್ತೇವೆ. ಮೀನು ಹರಾಜಿನಲ್ಲೂ ಅಷ್ಟೇ, ಮಳೆಗೆ ಮುಂಚೆ ಕೂಗುವವನು ಕೆರೆ ಬತ್ತಬಹುದು ಅನ್ನುವ ಭಯವನ್ನು ಕಳೆದೇ ಕೂಗುತ್ತಾನೆ. ಹಾಗಾಗಿ ಮೀನಿನ ಬಾಬ್ತಿಗೆ ಸರಾಸರಿಗಿಂತ ಕಡಿಮೆ ಹಿಡಿಯಿರಿ. ಅಂತರ್ಜಲದ್ದು ಮಾತ್ರ ಉಲ್ಟಾ. ಹೋದ ವರ್ಷ ಇಂಗಿದ ನೀರು ಈ ವರ್ಷ ಮಳೆ ಕೈಕೊಟ್ಟಾಗ ಮೇಲೆ ಬರುತ್ತದೆ, ಅಂದರೆ ಅದು ವಿಮೆ ಇದ್ದ ಹಾಗೆ. ಅದಕ್ಕೆ ಬರಗಾಲದ ಟ್ಯಾಂಕರ್ ರೇಟನ್ನೇ ಹಾಕಿ, ಸರಾಸರಿಗಿಂತ ಜಾಸ್ತಿಯೇ ಆಗಲಿ.

ಮುಂದಿನ ವರ್ಷಗಳನ್ನೆಲ್ಲ ಇವತ್ತಿನ ದುಡ್ಡಿಗೆ ಇಳಿಸುವಾಗ ಹುಷಾರು. ನಾಳೆ ಬರುವ ರೂಪಾಯಿ ಇವತ್ತಿನದಕ್ಕಿಂತ ಕಡಿಮೆ ಅಂತ ಬಡ್ಡಿಯ ಹಾಗೆ ವರ್ಷಕ್ಕೆ ಇಷ್ಟು ದರ ಹಿಡಿದು ಇಳಿಸುತ್ತಾರೆ. ಅದೇ 7.6 ಲಕ್ಷ ವರ್ಷವರ್ಷವೂ ಬರುತ್ತಲೇ ಇದ್ದರೆ ಶೇ 10ರ ದರದಲ್ಲಿ ಕೆರೆಯ ಬೆಲೆ 76 ಲಕ್ಷ, ಶೇ 4ರಲ್ಲಿ 1.9 ಕೋಟಿ. ಕೆರೆ ಅದೇ, ಮಳೆ ಅದೇ! ಯಾರಾದರೂ ಒಂದೇ ಅಂಕಿ ತಂದು ಮುಂದಿಟ್ಟರೆ ದರ ಎಷ್ಟು ಹಿಡಿದಿರಿ ಅಂತ ಮೊದಲು ಕೇಳಿ.

ಇಷ್ಟೂ ಎಣಿಸಬಹುದಾದ ಅಪಾಯ. 30 ವರ್ಷದ ಮೇಲೆ ಮಳೆ ಹೇಗಿರುತ್ತದೆ, ಊರು ಎಷ್ಟು ಬೆಳೆದಿರುತ್ತದೆ ಅನ್ನುವುದಕ್ಕೆ ಶೇಕಡಾ ಹಾಕಲು ಹೋದರೆ ಅದು ಶಾಸ್ತ್ರ ಕೇಳಿದ ಹಾಗೆ. ಬದಲಿಗೆ ಮೂರು ನಾಲ್ಕು ಬಗೆಯ ಮುಂದಿನ ದಿನಗಳನ್ನು ಊಹಿಸಿ, ಒಂದೊಂದರಲ್ಲೂ ಕೆರೆ ಉಳಿಸಿದ್ದು ತಪ್ಪಾದರೆ ಎಷ್ಟು ನಷ್ಟ, ಲೇಔಟ್ ಮಾಡಲು ಮುಚ್ಚಿದ್ದು ತಪ್ಪಾದರೆ ಎಷ್ಟು ಅಂತ ಪಕ್ಕಪಕ್ಕ ಬರೆಯಿರಿ. ಮಾಡಿದ್ದನ್ನು ಹಿಂದಕ್ಕೆ ತರಲಾಗದ ಕಡೆ ಕಾದು ನೋಡುವುದಕ್ಕೂ ಒಂದು ಬೆಲೆ ಇದೆ ಅಂತ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ ಮತ್ತು ಆಂಥೊನಿ ಫಿಶರ್ 1974ರಲ್ಲೇ ತೋರಿಸಿದ್ದರು. ಲೇಔಟನ್ನು 5 ವರ್ಷ ಬಿಟ್ಟೂ ಮಾಡಬಹುದು, ಮುಚ್ಚಿದ ಕೆರೆಯನ್ನು ವಾಪಸ್ ತರುವುದು ಕಷ್ಟ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯಿದ್ದ ಕಡೆ ಕಂಠೀರವ ಕ್ರೀಡಾಂಗಣ ಬಂತು. ಈಗ ನೀರು ಬೇಕು ಅಂದರೆ ಯಾವುದನ್ನು ಒಡೆಯುತ್ತೀರಿ?

ಕಾಯುವುದರ ಬೆಲೆಗೆ ಅಂಕಿ ಸಿಗದಿದ್ದರೆ ತಿರುಗಿಸಿ ಕೇಳಿ. ಮುಚ್ಚಿದರೆ ಬರುವ ಲಾಭದಲ್ಲಿ ಮೇಲಿನ ಲೆಕ್ಕ ಕಳೆಯಿರಿ, ಏನಾದರೂ ಉಳಿದರೆ ಮನೆಮನೆಗೆ ಭಾಗ ಮಾಡಿ, ಇಷ್ಟಕ್ಕೆ ಕೆರೆಯನ್ನು ಶಾಶ್ವತವಾಗಿ ಬಿಡುತ್ತೀರಾ ಅಂತ ಗ್ರಾಮಸಭೆಯಲ್ಲಿ ಇಡಿ. ಅಚ್ಚುಕಟ್ಟಿನಲ್ಲಿ ತುಂಡು ಜಮೀನೂ ಇಲ್ಲದೆ ಕೆರೆಯಂಗಳದಲ್ಲಿ ಕುರಿ ಮೇಯಿಸುವವರು ಆ ದಿನ ಸಭೆಯಲ್ಲಿ ಇರುವ ಹಾಗೆ ನೋಡಿಕೊಳ್ಳಿ.