ಜನರಿದ್ದರೂ ಖಾಲಿ ಎನ್ನುತ್ತಿದ್ದ ಸೆನ್ಸರ್

ಮೀಟಿಂಗ್ ಕೊಠಡಿ ಸಿಗುವುದೇ ಇಲ್ಲ ಎಂಬುದು ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಎಲ್ಲರ ದೂರು. ಕೊಠಡಿಯಲ್ಲಿ ಜನರಿದ್ದಾರೆಯೇ ಎಂದು ಗುರುತಿಸುವ ಸೆನ್ಸರ್‌ನ ವರದಿ ಮಾತ್ರ ಅರ್ಧ ಹೊತ್ತು ಕೊಠಡಿಗಳು ಖಾಲಿ ಎನ್ನುತ್ತಿತ್ತು. ಅದನ್ನೇ ನಂಬಿ ಒಂದು ಕೊಠಡಿಯನ್ನು ಒಡೆದುಹಾಕುವ ಮಾತೂ ಬಂದಾಗ ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಕುಳಿತೆ. ಲ್ಯಾಪ್‌ಟಾಪ್ ನೋಡುತ್ತಾ ಅಲುಗಾಡದೆ ಇದ್ದರೆ ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡ್‌ನಲ್ಲಿ ‘ಖಾಲಿ’ ಎಂದು ಬರುತ್ತಿತ್ತು. ಕೈ ಬೀಸಿದೊಡನೆ ‘ಬಳಕೆಯಲ್ಲಿದೆ’.

ಚಾವಣಿಯಲ್ಲಿದ್ದದ್ದು ಪಿಐಆರ್ ಸೆನ್ಸರ್. ಎದುರಿನಿಂದ ಬರುವ ಇನ್‌ಫ್ರಾರೆಡ್ ಕಿರಣಗಳಲ್ಲಿ, ಅಂದರೆ ಮೈಶಾಖದಂಥ ಕಣ್ಣಿಗೆ ಕಾಣದ ಕಿರಣಗಳಲ್ಲಿ, ಬದಲಾವಣೆಯಾದರೆ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಕದಲದೆ ಕುಳಿತು ಕೆಲಸ ಮಾಡುವವರು ಅದರ ಲೆಕ್ಕಕ್ಕೇ ಬರುವುದಿಲ್ಲ. ಇಂಥ ಲೆಕ್ಕದ ಮೇಲೆ ಜನರ ಜಾಗ ಕಿತ್ತುಕೊಳ್ಳುವುದು ಅನ್ಯಾಯ.

ಬದಲಿಗೆ ರೇಡಿಯೊ ಅಲೆ ಕಳಿಸಿ ಅದರ ಪ್ರತಿಫಲನದಿಂದ ಚಲನೆ ಗುರುತಿಸುವ 60 ಗಿಗಾಹರ್ಟ್ಸ್ ರೇಡಾರ್ ಸೆನ್ಸರ್ ಹಾಕಿಸಿದೆವು. ಉಸಿರಾಡುವಾಗ ಎದೆ ಏರಿಳಿಯುವುದನ್ನೂ ಅದು ಗುರುತಿಸುತ್ತದೆ. ಆದರೆ ಅದರ ಅಲೆಗಳು ತೆಳು ಜಿಪ್ಸಂ ಗೋಡೆಯನ್ನು ದಾಟುತ್ತವೆ. ಹೊರಗೆ ಕಾರಿಡಾರ್‌ನಲ್ಲಿ ಓಡಾಡುವವರೂ ಲೆಕ್ಕಕ್ಕೆ ಸೇರತೊಡಗಿದರು. ಅದರ ವ್ಯಾಪ್ತಿಯನ್ನು ಕೊಠಡಿಯ ಅಳತೆಗೆ ತಗ್ಗಿಸಿ, ಎಸಿ ಗಾಳಿಗೆ ಅಲ್ಲಾಡುವ ಕಿಟಕಿ ಪರದೆಯಿಂದ ದೂರಕ್ಕೆ ಸರಿಸಿದ ಮೇಲೆ ವರದಿಗೂ ಕಣ್ಣಿಗೂ ತಾಳೆಯಾಯಿತು. ಕೊಠಡಿ ಉಳಿಯಿತು.

ಯಾರಾದರೂ ಇದ್ದಾರೆಯೇ ಎಂಬುದಷ್ಟೇ ಇದರಿಂದ ತಿಳಿಯುತ್ತಿದೆ. ಎಂಟು ಕುರ್ಚಿಗಳ ಕೊಠಡಿಯಲ್ಲಿ ಒಬ್ಬರೇ ಕುಳಿತಿದ್ದಾರೆಯೇ ಎಂದು ತಿಳಿಯಲು ಬಾಗಿಲ ಮೇಲೆ ತಲೆ ಎಣಿಸುವ ಸೆನ್ಸರ್ ಬೇಕು. ಮುಂದಿನ ಕೆಲಸ ಅದೇ.