ಸರ್ವಿಸ್ ರಸ್ತೆ ಹೆದ್ದಾರಿಗೆ ಸೇರುವ ಬಾಯಿ: ಗುಂಡಿ ಮುಚ್ಚುವ ಮೊದಲು ನೀರು ನೋಡಿ

ತುಮಕೂರಿನ ಸುತ್ತ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಸರ್ವಿಸ್ ರಸ್ತೆಗಳ ರಿಪೇರಿಗೆ ಅಂದಾಜು ಹಾಕುವಾಗ ನಾನು ಮೊದಲು ಅಳೆಯುವುದು ಅವು ಹೆದ್ದಾರಿಗೆ ಸೇರುವ ಬಾಯಿಯನ್ನು. ನೇರ ರಸ್ತೆ ಇನ್ನೂ ಗಟ್ಟಿಯಿರುವಾಗಲೇ ಇಲ್ಲಿ ಡಾಂಬರು ಏಳುತ್ತದೆ. ತೇಪೆ ಹಾಕಿದರೆ ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಗುಂಡಿ. ನಿಲ್ಲುವ ನೀರು, ನಿಧಾನವಾಗಿ ತಿರುಗುವ ಭಾರದ ಲಾರಿ, ಎರಡು ರಸ್ತೆಗಳ ನಡುವಿನ ಜೋಡು, ಈ ಮೂರೂ ಕೂಡುವುದು ಇಲ್ಲೇ. ಮೂರರಲ್ಲಿ ನೀರೇ ದೊಡ್ಡದು.

ಮಳೆ ನಿಂತ ಅರ್ಧ ಗಂಟೆಯೊಳಗೆ ಹೋಗಿ, ನಿಂತ ನೀರಿನ ಅಂಚಿಗೆ ಬಣ್ಣದ ಗುರುತು ಹಾಕಬೇಕು. ರಸ್ತೆ ಒಣಗಿದ ಮೇಲೆ ಆಟೋ ಲೆವೆಲ್ (ಎತ್ತರ-ತಗ್ಗು ಅಳೆಯುವ ಉಪಕರಣ) ಇಟ್ಟು ಪ್ರತಿ 5 ಮೀಟರಿಗೆ ಮೂರು ಕಡೆ ರೀಡಿಂಗ್ ತೆಗೆದುಕೊಳ್ಳುತ್ತೇನೆ: ಹೆದ್ದಾರಿಯ ಅಂಚು, ಬಾಯಿಯ ನಡು, ರಸ್ತೆಯಂಚಿನ ಕರ್ಬ್ ಕಲ್ಲಿನ ಬುಡ. ಡಾಂಬರು ರಸ್ತೆಗೆ ಅಡ್ಡ ಇಳಿಜಾರು ಶೇ. 2.5 ಇದ್ದರೆ ಸಾಕು. ಆದರೆ ಹೆದ್ದಾರಿ ಒಂದು ಕಡೆಗೆ, ಸರ್ವಿಸ್ ರಸ್ತೆ ಇನ್ನೊಂದು ಕಡೆಗೆ ವಾಲಿದ್ದರೆ ನಡುವೆ ಎಲ್ಲೋ ಒಂದು ಗೆರೆಯಲ್ಲಿ ಇಳಿಜಾರು ಸೊನ್ನೆಯಾಗಲೇಬೇಕು. ಅಲ್ಲಿ ಉದ್ದದ ಇಳಿಜಾರೂ ಶೇ. 0.5ಕ್ಕಿಂತ ಕಡಿಮೆಯಿದ್ದರೆ ನೀರಿಗೆ ಹೋಗಲು ದಾರಿಯೇ ಇಲ್ಲ. ಬಣ್ಣದ ಗುರುತು ಹೆಚ್ಚಾಗಿ ಈ ಗೆರೆಯ ಮೇಲೇ ಬಂದಿರುತ್ತದೆ. ಇದನ್ನು ತೇಪೆಯಿಂದ ಸರಿಮಾಡಲು ಆಗದು. ಮೇಲ್ಪದರ ಕೆರೆದು, 20–30 ಮೀಟರ್ ಉದ್ದಕ್ಕೆ ಲೆವೆಲ್ ತಿದ್ದಿ ಹೊಸದಾಗಿ ಹಾಸಬೇಕು.

ಚರಂಡಿಯ ಲೆಕ್ಕ ಸುಲಭ. 14 ಮೀಟರ್ ಅಗಲ, 300 ಮೀಟರ್ ಉದ್ದದ ಡಾಂಬರು ಅಂದರೆ 0.42 ಹೆಕ್ಟೇರ್. ಗಂಟೆಗೆ 75 ಮಿ.ಮೀ. ಲೆಕ್ಕದಲ್ಲಿ ಮಳೆ ಸುರಿದರೆ, ಹರಿಯುವ ಪಾಲು 0.9 ಎಂದು ಹಿಡಿದರೆ, ಸೆಕೆಂಡಿಗೆ ಸುಮಾರು 79 ಲೀಟರ್ ಬರುತ್ತದೆ. ಚರಂಡಿಗೆ ನೀರಿಳಿಸುವ ಒಂದು ಜಾಲರಿ 15 ಲೀಟರ್ ಎಳೆದರೂ ಆರು ಬೇಕು. ಪ್ಲಾಸ್ಟಿಕ್ ಕವರು, ತೆಂಗಿನ ಗರಿ, ಮಣ್ಣು ಸೇರಿ ಅರ್ಧ ಮುಚ್ಚಿಕೊಳ್ಳುವುದು ಖಂಡಿತ, ಅದಕ್ಕೇ ನಾನು ಹನ್ನೆರಡು ಬರೆಯುತ್ತೇನೆ. ಜಾಲರಿಗಿಂತ ಕರ್ಬ್ ಕಲ್ಲಿನಲ್ಲೇ ಕಿಂಡಿ ಬಿಡುವುದು ಒಳ್ಳೆಯದು, ಅದು ಬೇಗ ಕಟ್ಟುವುದಿಲ್ಲ. ಎಷ್ಟೋ ಕಡೆ ಮೇಲೆ ಮೇಲೆ ಡಾಂಬರು ಹಾಸಿ ಜಾಲರಿ ಗುಳಿಗೆ ಬಿದ್ದಿರುತ್ತದೆ, ಇಲ್ಲವೇ ಪಕ್ಕದ ಮಣ್ಣು ರಸ್ತೆಗಿಂತ ಎತ್ತರ ಬೆಳೆದಿರುತ್ತದೆ. ಆ ಮಣ್ಣನ್ನು ಜೆಸಿಬಿಯಲ್ಲಿ ಕೆರೆದು ತೆಗೆದರೇ ಅರ್ಧ ಸಮಸ್ಯೆ ಮುಗಿಯುತ್ತದೆ.

ಇನ್ನು ಭಾರ. ಅಂತರಸನಹಳ್ಳಿ ಮಾರುಕಟ್ಟೆಯ ಲಾರಿ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಂಟೇನರ್, ಜಲ್ಲಿ ಟಿಪ್ಪರ್ ಎಲ್ಲವೂ ಸರ್ವಿಸ್ ರಸ್ತೆ ಹಿಡಿಯುತ್ತವೆ. ರಸ್ತೆಯ ದಪ್ಪ ಲೆಕ್ಕಹಾಕುವುದು 8.16 ಟನ್ನಿನ ಆ್ಯಕ್ಸಲ್ (ಚಕ್ರಗಳ ಅಚ್ಚು) ಮೇಲೆ. ಹಾನಿ ಸುಮಾರಾಗಿ ಭಾರದ ನಾಲ್ಕನೇ ಘಾತದಂತೆ ಏರುತ್ತದೆ, ಅಂದರೆ ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ನಾಲ್ಕು ಟೈರಿನ ಒಂಟಿ ಆ್ಯಕ್ಸಲ್‌ಗೆ 2018ರಲ್ಲಿ ಮಿತಿಯನ್ನು 10.2ರಿಂದ 11.5 ಟನ್ನಿಗೆ ಏರಿಸಿದರು. ಆ ಮಿತಿಯೊಳಗೇ ಇದ್ದರೂ ಒಂದು ಆ್ಯಕ್ಸಲ್ 8.16 ಟನ್ನಿನ ಸುಮಾರು ನಾಲ್ಕು ಆ್ಯಕ್ಸಲ್‌ಗಳಷ್ಟು ಹಾನಿ ಮಾಡುತ್ತದೆ, 15 ಟನ್ ಹೇರಿದರೆ ಹನ್ನೊಂದರಷ್ಟು. ಸರ್ವಿಸ್ ರಸ್ತೆಯನ್ನು ಬೈಕು, ಆಟೋ ಓಡಾಡುವ ಬೀದಿ ಎಂದುಕೊಂಡು ತೆಳುವಾಗಿ ಕಟ್ಟಿದರೆ ಅದು ನಿಲ್ಲುವುದಿಲ್ಲ. ಕನಿಷ್ಠ ಬಾಯಿಯ 50 ಮೀಟರಿಗಾದರೂ ಹೆದ್ದಾರಿಯ ದಪ್ಪವನ್ನೇ ಕೊಡಿ.

ಜೋಡಿನ ಜಾಗದಲ್ಲಿ ದಪ್ಪ ಪದರದ ಪಕ್ಕ ತೆಳು ಪದರ ನೇರವಾಗಿ ನಿಂತರೆ ಸಂದಿಯಲ್ಲಿ ನೀರಿಳಿದು ಕೆಳಗಿನ ಜಲ್ಲಿ ಮೆತ್ತಗಾಗುತ್ತದೆ. ಮೆಟ್ಟಿಲಿನಂತೆ ಕತ್ತರಿಸಿ, ಮೇಲಿನ ಪದರದ ಜೋಡನ್ನು ಕೆಳಗಿನದಕ್ಕಿಂತ 300 ಮಿ.ಮೀ. ಪಕ್ಕಕ್ಕೆ ಸರಿಸಬೇಕು. ಕತ್ತರಿಸಿದ ಗೋಡೆಗೂ ಡಾಂಬರು ಬಳಿಯಬೇಕು. ಇದನ್ನು ಮೇಸ್ತ್ರಿಗಳು ಬಿಡುವುದೇ ಹೆಚ್ಚು.

ಗುಂಡಿಗೂ ಇದೇ ಕ್ರಮ. ಗಟ್ಟಿ ಡಾಂಬರು ಸಿಗುವವರೆಗೆ ಚೌಕಾಕಾರವಾಗಿ, ನೇರ ಗೋಡೆ ಬರುವಂತೆ ಕತ್ತರಿಸಬೇಕು. ತೇವದ ಜಲ್ಲಿ ಇದ್ದರೆ ಅದನ್ನೂ ತೆಗೆದು ಹೊಸ ವೆಟ್ ಮಿಕ್ಸ್ (ಹದ ನೀರಿನಲ್ಲಿ ಕಲಸಿದ ಜಲ್ಲಿ) ತುಂಬಿ ಬಡಿಯಬೇಕು. ಪದರಗಳನ್ನು ಅಂಟಿಸುವ ತೆಳು ಡಾಂಬರು ಲೇಪ, ಅಂದರೆ ಟ್ಯಾಕ್ ಕೋಟ್, ಚದರ ಮೀಟರಿಗೆ 0.2–0.3 ಕೆ.ಜಿ. ಸಾಕು, ಹೆಚ್ಚು ಸುರಿದರೆ ತೇಪೆ ಜಾರುತ್ತದೆ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ 140 ಡಿಗ್ರಿ ಇರಲೇಬೇಕು, 90ಕ್ಕಿಳಿಯುವ ಮೊದಲು ರೋಲಿಂಗ್ ಮುಗಿಯಬೇಕು. ತೆರೆದ ಟ್ರ್ಯಾಕ್ಟರ್‌ನಲ್ಲಿ ಟಾರ್ಪಾಲಿನ್ ಇಲ್ಲದೆ ಬಂದ ಮಿಶ್ರಣದ ಮೇಲ್ಭಾಗ ಕೈಗೆ ಉಂಡೆ ಉಂಡೆಯಾಗಿ ಸಿಗುತ್ತದೆ. ಥರ್ಮಾಮೀಟರ್ ಚುಚ್ಚಿ ನೋಡಿ, ಕಡಿಮೆಯಿದ್ದರೆ ವಾಪಸ್ ಕಳಿಸಿ.

ಬಾಯಿಯ ಉದ್ದವನ್ನೂ ಕಾರಿನ ಲೆಕ್ಕದಲ್ಲಿ ಇಡಬಾರದು. 20 ಕಿ.ಮೀ. ವೇಗದಿಂದ 60ಕ್ಕೆ ಏರಲು ಕಾರಿಗೆ ಸುಮಾರು 80 ಮೀಟರ್ ಬೇಕು. ಸೆಕೆಂಡಿಗೆ 0.4 ಮೀ./ಸೆ.ನಂತೆ ವೇಗ ಹೆಚ್ಚಿಸಿಕೊಳ್ಳುವ ತುಂಬಿದ ಲಾರಿಗೆ 300 ಮೀಟರ್ ದಾಟುತ್ತದೆ. ಉದ್ದ ಸಾಲದಿದ್ದರೆ ಲಾರಿ ತೆವಳುತ್ತಲೇ ಹೆದ್ದಾರಿಗೆ ನುಗ್ಗುತ್ತದೆ, ಹಿಂದಿನ ಬಸ್ಸು ಬ್ರೇಕ್ ಒತ್ತುತ್ತದೆ, ಡಾಂಬರು ಅಲೆ ಅಲೆಯಾಗುತ್ತದೆ. ಸುತ್ತಿ ಬಂದು ಸೇರುವ ಲೂಪ್ ತಿರುವಿಗೂ ಹಾಗೆಯೇ: ತಿರುವಿನ ಒಳಬದಿಗೆ ರಸ್ತೆಯ ಓಲು ಶೇ. 7, ಟೈರಿನ ಘರ್ಷಣೆ 0.15 ಎಂದು ಹಿಡಿದರೆ 40 ಕಿ.ಮೀ. ವೇಗಕ್ಕೆ 57 ಮೀಟರ್ ತ್ರಿಜ್ಯ ಬೇಕು, 30 ಕಿ.ಮೀ.ಗೆ 32 ಸಾಕು. ಜಾಗವಿಲ್ಲದೆ 32ಕ್ಕೆ ಇಳಿಸಿದರೆ ವೇಗದ ಫಲಕ ತಿರುವಿಗೆ ಬಹಳ ಮುಂಚೆಯೇ ಇರಬೇಕು.

ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಆದ್ದರಿಂದ ಚರಂಡಿ, ಲೆವೆಲ್ ಕೆಲಸ ಆಗಸ್ಟ್ ಒಳಗೆ ಮುಗಿಸಿ, ಮೇಲಿನ ಡಾಂಬರನ್ನು ಮಳೆ ಬಿಟ್ಟ ಮೇಲೆ, ಡಿಸೆಂಬರ್ ನಂತರ ಹಾಸುವುದು ಸರಿ.