ಮುಧೋಳ ನಾಯಿ ಜಾರದ ನೆಲ, ಬೆಕ್ಕು ಪರಚದ ಸೋಫಾ: ನಮ್ಮನೆ ಕಥೆ

ಮೈಸೂರಲ್ಲಿ ತರ್ಟಿ ಫಾರ್ಟಿ ಸೈಟಲ್ಲಿರೋ ಹಳೇ ಮನೆ ನಮ್ದು. ಒಳಗೆ ನಾವು ನಾಲ್ಕು ಜನ, ಒಂದು ಮುಧೋಳ, ಬೀದಿಯಿಂದ ಬಂದು ಇಲ್ಲೇ ಉಳ್ಕೊಂಡ ಒಂದು ಬಿಳಿ ಹೆಣ್ಣುನಾಯಿ, ಒಂದು ಬೆಕ್ಕು. "ಇಷ್ಟೆಲ್ಲ ಸಾಕ್ಕೊಂಡು ಮನೆ ನೀಟಾಗಿ ಇಡ್ತೀನಿ ಅಂತಿಯಲ್ಲ" ಅಂತ ನಮ್ಮತ್ತೆ ನಕ್ಕಿದ್ರು, ಮೇಸ್ತ್ರಿನೂ ನಕ್ಕಿದ್ದ. ಈಗ ನೆಂಟರು ಬಂದ್ರೆ ಹಾಲ್ ಫೋಟೋ ತೆಗೀತಾರೆ, ಅದಕ್ಕೇ ಬರೀತಿದೀನಿ.

ಮೊದಲ್ನೇ ತಪ್ಪು ನೆಲದ್ದೇ. ಆರು ವರ್ಷದ ಹಿಂದೆ ಹಾಲಿಗೂ ಡೈನಿಂಗಿಗೂ ಫಳಫಳ ಅನ್ನೋ ವಿಟ್ರಿಫೈಡ್ ಟೈಲ್ಸ್ ಹಾಕ್ಸಿ ಹತ್ತಿರತ್ತಿರ ಒಂದು ಲಕ್ಷ ಸುರಿದ್ವಿ. ಮುಧೋಳದ ಕಾಲು ನಿಮಗೆ ಗೊತ್ತಲ್ಲ, ಬರೀ ಕಡ್ಡಿ, ಬೆಲ್ ಹೊಡೆದ್ರೆ ಸಾಕು ಬಾಣದ ತರ ಎದ್ದು ಓಡೋದು, ತಿರುಗೋ ಜಾಗದಲ್ಲಿ ಹಿಂಗಾಲು ಎರಡೂ ಜಾರಿ ಸೀದಾ ಶೂ ಸ್ಟ್ಯಾಂಡಿಗೆ ಗುದ್ದೋದು. ಎರಡು ಸಲ ಕುಂಟಿದ್ಮೇಲೆ ಡಾಕ್ಟ್ರು ಮಾತ್ರೆ ಬರೆದು "ಮೊದ್ಲು ನೆಲ ನೋಡಮ್ಮ" ಅಂದ್ರು. ಮೇಲೆ ಸೆಣಬಿನ ಕಾರ್ಪೆಟ್ ಹಾಸಿದೆ, ಅದು ಇನ್ನೊಂದು ಏಳು ಸಾವಿರ ದಂಡ, ಬೆಕ್ಕು ಒಂದೇ ವಾರದಲ್ಲಿ ಎಳೆ ಎಳೆ ಮಾಡ್ತು, ಮೇಲಿಂದ ಉಚ್ಚೆ ವಾಸನೆ ಬೇರೆ.

ಆಮೇಲೆ ಹಠ ಬಂತು. ಟೈಲ್ಸ್ ಒಡೆಸಿ ನಮ್ಮಜ್ಜಿ ಮನೆ ತರ ರೆಡ್ ಆಕ್ಸೈಡ್, ಅಂದ್ರೆ ಸಿಮೆಂಟಿಗೆ ಕೆಂಪು ಬಣ್ಣ ಕಲಸಿದ ಗಾರೆ ನೆಲ, ಹಾಕ್ಸೋಣ ಅಂತ. ಈ ಕೆಲ್ಸ ಗೊತ್ತಿರೋ ಮೇಸ್ತ್ರಿ ಸಿಗೋಕೇ ಎರಡು ತಿಂಗಳು ಬೇಕಾಯ್ತು. ಸಿಕ್ಕಿದ ಮೊದಲ್ನೇ ಆಸಾಮಿ ಅರ್ಧ ರೂಮಿಗೆ ಕರಣೆ ಎಳೆದು ಊಟಕ್ಕೆ ಹೋದ, ವಾಪಸ್ ಬಂದು ಮುಂದುವರ್ಸಿದ ಜಾಗದಲ್ಲಿ ಗೆರೆ ಹಾಗೇ ನಿಂತ್ಕೊಂಡ್ತು. ಅದೂ ಸಾಲ್ದು ಅಂತ ಬೇಗ ಒಣಗ್ಲಿ ಅಂತ ರಾತ್ರಿಯಿಡೀ ಫ್ಯಾನ್ ಹಾಕಿದ್ದು ನಾನೇ! ಬೆಳಿಗ್ಗೆ ನೋಡಿದ್ರೆ ಜೇಡರಬಲೆ ತರ ಬಿರುಕು. ಸುಮಾರು ಹದಿನೆಂಟು ಸಾವಿರ ಹೋಯ್ತು. ನಮ್ಮನೆಯವ್ರು ಮೂರು ದಿನ ಮಾತಾಡ್ಲಿಲ್ಲ.

ಎರಡ್ನೇ ಸಲ ವಯಸ್ಸಾದ ಮೇಸ್ತ್ರಿ ಒಬ್ರು ಸಿಕ್ರು, ಒಂದು ರೂಮು ಅಂದ್ರೆ ಒಂದೇ ಉಸಿರಿಗೆ ಮುಗಿಸೋರು. ಕಿಟಕಿ ಎಲ್ಲ ಮುಚ್ಚಿ ವಾರದ ಮೇಲೆ ನೀರು ಕಟ್ಟಿದ್ವಿ, ಅಷ್ಟು ದಿನ ನಾಯಿಗಳು ತಂಗಿ ಮನೇಲಿ. ಚದರಡಿಗೆ ನೂರೈವತ್ತರ ಆಸುಪಾಸು ಬಿತ್ತು ಅನ್ಸುತ್ತೆ, ಒಟ್ಟು ಅರವತ್ತು ಸಾವಿರ. ಕನ್ನಡಿ ತರ ಪಾಲಿಶ್ ಹೊಡೀತೀನಿ ಅಂತ ಮೇಸ್ತ್ರಿ ಹಠ ಮಾಡಿದ್ರು, ನಾನು ಬಿಡ್ಲಿಲ್ಲ, ಮಿಂಚು ಬರೋಕೆ ಮುಂಚೆನೇ ನಿಲ್ಲಿಸ್ದೆ, ಇಲ್ಲಾಂದ್ರೆ ಮತ್ತೆ ಜಾರೋದೇ. ಶುರೂಲಿ ಉಚ್ಚೆ ಬಿದ್ದ ಕಡೆ ಬಿಳಿ ಕಲೆ ಏಳ್ತಿತ್ತು, ಅದಕ್ಕೆ ಒಂದು ಉಜ್ಜೋ ಮಿಶ್ರಣ ಕಂಡುಹಿಡಿದಿದೀನಿ, ಅದೇನು ಅಂತ ಮಾತ್ರ ಈಗ ಕೇಳ್ಬೇಡಿ. ಫಿನಾಯಿಲ್ ಅಂತೂ ಮನೆಯಿಂದಾನೇ ಆಚೆ, ಬೆಕ್ಕು ನೆಲದ ಮೇಲೆ ಓಡಾಡಿ ಪಾದ ನೆಕ್ಕುತ್ತೆ, ಫಿನಾಯಿಲಲ್ಲಿ ಇರಬಹುದಾದ ಫೀನಾಲ್ ತರದ ಕೆಮಿಕಲ್ ಅದರ ಲಿವರ್‌ಗೆ ಸರಿಯಾಗಿ ಅರಗಲ್ಲ.

ಸೋಫಾಗೆ ಬಟ್ಟೆ ತಗೊಳ್ಳೋಕೆ ಹೋದಾಗ ಬಿಳಿ ನಾಯಿ ಕೂದ್ಲನ್ನ ಒಂದು ಕವರಲ್ಲಿ ತುಂಬ್ಕೊಂಡು ಹೋಗಿದ್ದೆ. ಪ್ರತಿ ಸ್ಯಾಂಪಲ್ ಮೇಲೂ ಚಿಟಿಕೆ ಉದುರಿಸಿ ಎರಡು ಹೆಜ್ಜೆ ಹಿಂದೆ ನಿಂತು ನೋಡೋದು, ಕೈಯಲ್ಲಿ ಒರೆಸೋದು. ಅಂಗಡಿ ಹುಡುಗ ನನಗೆ ತಲೆ ಕೆಟ್ಟಿದೆ ಅಂದ್ಕೊಂಡ. ಓಟ್ಸ್ ಬಣ್ಣದ ವೆಲ್ವೆಟ್ ಗೆದ್ತು: ಕೂದ್ಲು ಕಾಣಲ್ಲ, ಒಂದೇ ಒರೆಸಿಗೆ ಬರುತ್ತೆ, ಕುಣಿಕೆ ತರ ಎಳೆ ಇರಲ್ಲ ಆದ್ರಿಂದ ಬೆಕ್ಕಿನ ಉಗುರಿಗೂ ಹಿಡಿತ ಸಿಗಲ್ಲ. ಬೆಕ್ಕಿಗೆ ಮೊದ್ಲು ಆನ್‌ಲೈನಲ್ಲಿ ತರ್ಸಿದ ಪರಚೋ ಕಂಬ ಒಂದೂವರೆ ಅಡಿ, ಮುಟ್ಟಿದ್ರೆ ಅಲ್ಲಾಡೋದು, ಮೂಸಿ ನೋಡಿ ಹೊರಟೋಯ್ತು. ಹಳೇ ಹಲಸಿನ ತೊಲೆ ಅಟ್ಟದಲ್ಲಿತ್ತು, ಮೂರಡಿ ಕೊಯ್ಸಿ ಕತ್ತಾಳೆ ಹಗ್ಗ ಸುತ್ತಿ ಗೋಡೆಗೆ ಬೋಲ್ಟ್ ಹಾಕ್ಸಿದೆ, ನಾನೂರು ರೂಪಾಯಿ ಹಗ್ಗ ಅಷ್ಟೇ. ಅದನ್ನೇ ಎಲ್ರೂ ಆರ್ಟ್ ಪೀಸ್ ಅಂದ್ಕೊಂಡಿದಾರೆ.

ನಾಯಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತೆ, ಕೆಂಪು ಕೆಂಪಾಗಿ ಕಾಣಲ್ಲ ಅಂತಾರಲ್ಲ, ಅದನ್ನೂ ಟ್ರೈ ಮಾಡಿದೆ. ಕೆಂಪು ಹಾಸಿಗೆ, ನೀಲಿ ಹಾಸಿಗೆ ಅಕ್ಕಪಕ್ಕ ಇಟ್ರೆ ಮುಧೋಳ ಎರಡನ್ನೂ ಬಿಟ್ಟು ನಮ್ಮತ್ತೆ ಹಳೇ ಕೌದಿ ಮೇಲೆ ಮಲಗ್ತು. ಕೊನೆಗೆ ಕೌದಿನೇ ಡಿಸೈನ್ ಅಂತ ಒಪ್ಕೊಂಡು, ಅದರ ಬಣ್ಣ ನೋಡಿ ಪರದೆ ಹೊಲ್ಸಿದೆ. ಮೆತ್ತಗಿನ ಕೌದಿ ಮೇಲೆ ಮಲಗಿ ಮುಧೋಳದ ಮೊಣಕೈ ಚರ್ಮ ಗಟ್ಟಿಯಾಗೋದು ಸ್ವಲ್ಪ ಕಮ್ಮಿ ಆಗಿದೆ. ಗಿಡದಲ್ಲಿ ಮನಿಪ್ಲಾಂಟ್ ಎಲ್ಲ ಪಕ್ಕದ ಮನೆಗೆ ಕೊಟ್ಟೆ, ಬೆಕ್ಕು ಎಲೆ ಕಚ್ಚಿ ಜೊಲ್ಲು ಸುರಿಸ್ತಿತ್ತು. ಈಗ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಇನ್ನೇನೂ ಬೇಡ.

ನಕ್ಕಿದ್ದ ಮೇಸ್ತ್ರಿ ಹೋದ ತಿಂಗಳು ಯಾರೋ ಪಾರ್ಟಿನ ನೆಲ ತೋರ್ಸೋಕೆ ಕರ್ಕೊಂಡು ಬಂದಿದ್ದ, ಕಾಫಿ ಕೊಟ್ಟು ಕಳ್ಸಿದೆ. ನಮ್ಮ ವಯಸ್ಸಾದ ಮೇಸ್ತ್ರಿ ನಂಬರ್ ಅವನಿಗೂ ಕೊಡ್ಲಿಲ್ಲ, ಮೆಟ್ಟಿಲು ಕೆಲ್ಸ ಇನ್ನೂ ಬಾಕಿ ಇದೆ.